ಜಲಪಾತದ ಮುಂದಿನ ಕೊನೆಯ ನೂರು ಮೀಟರ್

(ಚಾರಣ ತಂಡಗಳನ್ನು ಕರೆದೊಯ್ಯುವವರೂ ಮೊದಲ ಸಲ ಹೊರಡುವವರೂ ಒಟ್ಟಿಗೆ ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಓದಿಗೆ ತಕ್ಕಷ್ಟು ಮಾತ್ರ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಜಲಪಾತ ನೋಡಲು ಗುಂಪು ಕಟ್ಟಿಕೊಂಡು ಹೋಗುವ ಚಾರಣದ ಬಗ್ಗೆ ಮಾತನಾಡಬೇಕೆಂದು ಕರೆದಿದ್ದೀರಿ. ಯಾವ ಬೂಟು, ಎಂಥ ಬ್ಯಾಗು, ಎಷ್ಟು ಲೀಟರ್ ನೀರು ಎಂದು ಹೇಳುವವರು ಬೇಕಾದಷ್ಟು ಮಂದಿ ಇದ್ದಾರೆ. ಹಾಗಾಗಿ ಇವತ್ತಿನ ಹೆಚ್ಚಿನ ಹೊತ್ತನ್ನು ನಾನು ದಾರಿಯ ಕೊನೆಯ ನೂರು ಮೀಟರಿಗೆ ಕೊಡುತ್ತೇನೆ.

ಬೆಟ್ಟ ಹತ್ತುವ ಚಾರಣದಲ್ಲಿ ಕಷ್ಟ ದಾರಿಯುದ್ದಕ್ಕೂ ಹರಡಿಕೊಂಡಿರುತ್ತದೆ. ತುದಿ ಮುಟ್ಟಿದ ಮೇಲೆ ಕೂತು ಸುಧಾರಿಸಿಕೊಳ್ಳಬಹುದು. ಜಲಪಾತದ ಚಾರಣ ಹಾಗಲ್ಲ. ಎಷ್ಟೋ ಜಲಪಾತಗಳಿಗೆ ಹೋಗುವ ದಾರಿ ಸಲೀಸಾಗಿಯೇ ಇರುತ್ತದೆ. ನೀರಿನ ಸದ್ದು ಕೇಳಿದ ಕೂಡಲೇ ಎಲ್ಲರಿಗೂ ಹುರುಪು ಬರುತ್ತದೆ, ಸಾಲು ಮುರಿಯುತ್ತದೆ, ಹಿಂದಿದ್ದವರು ಮುಂದೆ ಓಡುತ್ತಾರೆ. ಬಂದು ಮುಟ್ಟಿದೆವು ಎಂದು ಮೈಮನಸ್ಸು ಹಗುರಾಗುವ ಜಾಗದಲ್ಲೇ ಅಪಾಯ ಶುರುವಾಗುತ್ತದೆ. ಅಲ್ಲಿ ಕಿವಿ ಕೇಳುವುದಿಲ್ಲ, ಕಣ್ಣು ಮೋಸ ಮಾಡುತ್ತದೆ, ಕಾಲು ನಿಲ್ಲುವುದಿಲ್ಲ. ನಾವು ದಿನವೂ ನಂಬಿ ನಡೆಯುವ ಮೂರನ್ನೂ ಜಲಪಾತ ಒಟ್ಟಿಗೆ ಕಸಿದುಕೊಳ್ಳುತ್ತದೆ. ಮಾರ್ಗದರ್ಶಿ, ಗುಂಪು, ಗುಂಪಿನ ನಿಯಮ ಇವೆಲ್ಲ ಇರುವುದು ಆ ಮೂರರ ಜಾಗ ತುಂಬಲಿಕ್ಕೆ ಎಂಬುದು ನನ್ನ ಗಟ್ಟಿಯಾದ ನಂಬಿಕೆ.

ಮೊದಲು ಕಿವಿಯ ವಿಚಾರ. ನೀರು ಬಂಡೆಗೆ ಬಡಿದು ಸದ್ದಾಗುತ್ತದೆ ಎಂದು ನಾವು ಅಂದುಕೊಂಡಿರುತ್ತೇವೆ. ಆದರೆ ಸದ್ದಿನ ದೊಡ್ಡ ಪಾಲು ಹುಟ್ಟುವುದು ಗಾಳಿಗುಳ್ಳೆಗಳಿಂದ. ಬೀಳುವ ನೀರು ಗಾಳಿಯನ್ನೂ ಎಳೆದುಕೊಂಡು ಮಡುವಿಗೆ ಇಳಿಯುತ್ತದೆ. ನೀರಿನೊಳಗೆ ಸಿಕ್ಕಿಬಿದ್ದ ಗಾಳಿ ಗುಳ್ಳೆಯಾಗುತ್ತದೆ. ಗುಳ್ಳೆ ಹುಟ್ಟಿದ ಕ್ಷಣದಲ್ಲಿ ಹಿಗ್ಗಿ ಕುಗ್ಗಿ ಮಿಡಿಯುತ್ತದೆ, ಆ ಮಿಡಿತವೇ ನಮಗೆ ಸದ್ದಾಗಿ ಕೇಳುತ್ತದೆ. ಖಗೋಳ ವಿಜ್ಞಾನಿ ಮಾರ್ಸೆಲ್ ಮಿನ್ನಾರ್ಟ್ 1933ರಲ್ಲಿ ಇದರ ಲೆಕ್ಕ ಹಾಕಿದರು. ಗುಳ್ಳೆ ಚಿಕ್ಕದಾದಷ್ಟೂ ಸ್ವರ ಏರುತ್ತದೆ, ದೊಡ್ಡದಾದಷ್ಟೂ ಇಳಿಯುತ್ತದೆ. ಒಂದು ಮಿಲಿಮೀಟರ್ ತ್ರಿಜ್ಯದ ಗುಳ್ಳೆ ಸೆಕೆಂಡಿಗೆ ಸುಮಾರು 3,200 ಸಲ ಮಿಡಿದರೆ, ಒಂದು ಸೆಂಟಿಮೀಟರ್ ತ್ರಿಜ್ಯದ್ದು ಸುಮಾರು 320 ಸಲ ಮಿಡಿಯುತ್ತದೆ. ಇನ್ನೊಂದು ಅಂಕಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಹಳೆಯ ಟೆಲಿಫೋನ್ ತಂತಿಗಳಲ್ಲಿ ಮನುಷ್ಯನ ಮಾತು ಅರ್ಥವಾಗಲು ಇಷ್ಟು ಸಾಕು ಎಂದು ಇಟ್ಟುಕೊಂಡಿದ್ದ ಸ್ವರಗಳ ವ್ಯಾಪ್ತಿ 300ರಿಂದ 3,400 ಹರ್ಟ್ಸ್ (ಹರ್ಟ್ಸ್ ಎಂದರೆ ಸೆಕೆಂಡಿಗೆ ಎಷ್ಟು ಮಿಡಿತ ಎಂಬ ಲೆಕ್ಕ). ಅಂದರೆ ಜಲಪಾತ ಗದ್ದಲ ಮಾಡುವುದು ನಮ್ಮ ಮಾತು ಇರುವ ಜಾಗದಲ್ಲೇ. ಎಷ್ಟು ಕೂಗಿದರೂ ಎದುರಿನವರಿಗೆ ಬಾಯಿ ಆಡುವುದು ಕಾಣುತ್ತದೆಯೇ ಹೊರತು ಮಾತು ತಲುಪುವುದಿಲ್ಲ.

ಈ ತೊಂದರೆಗೆ ಕಪ್ಪೆಗಳು ನಮಗಿಂತ ಮುಂಚೆಯೇ ಪರಿಹಾರ ಕಂಡುಕೊಂಡಿವೆ. ಪಶ್ಚಿಮ ಘಟ್ಟಗಳ ತೊರೆಗಳಲ್ಲಿರುವ ಮೈಕ್ರಿಕ್ಸಾಲಸ್ ಕುಲದ ಕುಣಿಯುವ ಕಪ್ಪೆಗಳು, ಬೋರ್ನಿಯೋದ ಸ್ಟಾರೊಯಿಸ್ ಕುಲದ ಕಪ್ಪೆಗಳು ಬರೀ ಕೂಗಿನ ಮೇಲೆ ಭಾರ ಹಾಕುವುದಿಲ್ಲ. ಹಿಂಗಾಲು ಚಾಚಿ, ಬೆರಳು ಬಿಡಿಸಿ, ಬೀಸಿ ತೋರಿಸುತ್ತವೆ. ನೀರಿನ ಮೊರೆತದಲ್ಲಿ ಕೂಗು ಮುಳುಗಿದರೂ ಕಾಲಿನ ಸನ್ನೆ ಕಾಣುತ್ತದೆ.

ನಾವು ಮಾಡಬೇಕಾದದ್ದೂ ಇಷ್ಟೇ. ಸದ್ದು ಜೋರಾಗುವ ಮೊದಲು, ಎಲ್ಲರಿಗೂ ಮಾತು ಕೇಳಿಸುವ ಜಾಗದಲ್ಲಿ ನಿಂತು ಸನ್ನೆಗಳನ್ನು ಗೊತ್ತು ಮಾಡಿಕೊಳ್ಳಬೇಕು. ನಿಲ್ಲಿ, ಬನ್ನಿ, ಹಿಂದಕ್ಕೆ ಸರಿಯಿರಿ, ನನಗೆ ಸಹಾಯ ಬೇಕು. ನಾಲ್ಕು ಸನ್ನೆ ಸಾಕು. ಹೆಚ್ಚಿಟ್ಟರೆ ಯಾರಿಗೂ ನೆನಪಿರುವುದಿಲ್ಲ. ಪ್ರತಿಯೊಬ್ಬರೂ ಒಂದು ಸಲ ಮಾಡಿ ತೋರಿಸಬೇಕು. ದೊಡ್ಡವರಿಗೆ ಸಂಕೋಚವಾದರೂ ಮಾಡಿಸಬೇಕು. ಜೊತೆಗೆ ಎಲ್ಲರ ಕುತ್ತಿಗೆಯಲ್ಲೂ ಸೀಟಿ ಇರಲಿ. ಬ್ಯಾಗಿನ ತಳದಲ್ಲಿರುವ ಸೀಟಿಯಿಂದ ಉಪಯೋಗವಿಲ್ಲ. ಪರ್ವತಾರೋಹಿಗಳು ಬಹುಕಾಲದಿಂದ ಪಾಲಿಸುತ್ತಿರುವ ಆಪತ್ತಿನ ಸಂಕೇತ ಹೀಗಿದೆ: ಒಂದು ನಿಮಿಷದೊಳಗೆ ಆರು ಸಲ ಊದುವುದು, ಒಂದು ನಿಮಿಷ ಬಿಡುವುದು, ಮತ್ತೆ ಆರು ಸಲ. ಕೇಳಿಸಿಕೊಂಡವರು ನಿಮಿಷಕ್ಕೆ ಮೂರು ಸಲ ಊದಿ ಉತ್ತರಿಸುತ್ತಾರೆ. ಇಲ್ಲಿರುವ ಮಾರ್ಗದರ್ಶಿಗಳಿಗೆ ಇನ್ನೊಂದು ಮಾತು. ಜಲಪಾತದ ಕಥೆ, ಕಲ್ಲಿನ ಕಥೆ, ಎಚ್ಚರಿಕೆಯ ಮಾತು ಏನಿದ್ದರೂ ಅರ್ಧ ಗಂಟೆ ಮುಂಚಿನ ತಂಗುದಾಣದಲ್ಲೇ ಮುಗಿಸಿಬಿಡಿ. ಮಡುವಿನ ಮುಂದೆ ನಿಂತು ವಿವರಿಸಿದರೆ ಪಕ್ಕದ ಇಬ್ಬರಿಗೆ ಕೇಳುತ್ತದೆ, ಉಳಿದವರು ಆ ಹೊತ್ತಿಗೆ ಬಂಡೆ ಇಳಿಯುತ್ತಿರುತ್ತಾರೆ.

ಇನ್ನು ಕಣ್ಣು. 1834ರಲ್ಲಿ ರಾಬರ್ಟ್ ಆಡಮ್ಸ್ ಎಂಬುವರು ಸ್ಕಾಟ್ಲೆಂಡಿನ ಫಾಯರ್ಸ್ ಜಲಪಾತದ ಮುಂದೆ ನಿಂತು ಬೀಳುವ ನೀರನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಪಕ್ಕದ ಬಂಡೆಯತ್ತ ಕಣ್ಣು ಹೊರಳಿಸಿದರೆ, ನಿಂತಲ್ಲೇ ನಿಂತಿರುವ ಬಂಡೆ ಮೇಲಕ್ಕೆ ಸರಿಯುತ್ತಿರುವಂತೆ ಕಂಡಿತು. ಅವರು ಅದನ್ನು ಬರೆದಿಟ್ಟರು. ಮನಶ್ಶಾಸ್ತ್ರದಲ್ಲಿ ಇವತ್ತಿಗೂ ಇದಕ್ಕೆ ಜಲಪಾತ ಭ್ರಮೆ ಎಂದೇ ಹೆಸರು. ನಮ್ಮ ಮಿದುಳಿನಲ್ಲಿ ಒಂದೊಂದು ದಿಕ್ಕಿನ ಚಲನೆಗೆ ಸ್ಪಂದಿಸುವ ಬೇರೆ ಬೇರೆ ನರಕೋಶಗಳಿವೆ. ಕೆಳಮುಖ ಚಲನೆಯನ್ನೇ ನೋಡುತ್ತಿದ್ದರೆ ಅದಕ್ಕೆ ಸಂಬಂಧಿಸಿದವು ದಣಿಯುತ್ತವೆ. ಕಣ್ಣು ತೆಗೆದಾಗ ಮೇಲ್ಮುಖದವುಗಳ ಕೈ ಮೇಲಾಗಿ, ನಿಂತ ವಸ್ತು ಮೇಲೇರಿದಂತೆ ತೋರುತ್ತದೆ. ಕೆಲವು ಸೆಕೆಂಡುಗಳಲ್ಲಿ ಸರಿಹೋಗುತ್ತದೆ.

ಆ ಕೆಲವು ಸೆಕೆಂಡುಗಳೇ ನನಗೆ ಮುಖ್ಯ. ನೀರಿನಿಂದ ಕಣ್ಣು ತೆಗೆದು ಒದ್ದೆ ಬಂಡೆಯ ಮೇಲೆ ಹೆಜ್ಜೆ ಇಡುವ ಕ್ಷಣದಲ್ಲಿ ಬಂಡೆಯೇ ಸರಿದಂತೆ ಕಂಡರೆ ಹೆಜ್ಜೆ ಎಲ್ಲಿ ಬೀಳಬೇಕು? ಅದಕ್ಕೆ ನಾನು ತಂಡಕ್ಕೆ ಹೇಳುವ ನಿಯಮ ಸರಳ: ನೋಡುವಾಗ ನಿಲ್ಲಿ ಅಥವಾ ಕೂರಿ. ನಡೆಯುವಾಗ ನೀರನ್ನು ನೋಡಬೇಡಿ. ನೋಡಿ ಮುಗಿದ ಮೇಲೆ ನಿಮ್ಮ ಕಾಲ ಬಳಿಯ ಒಂದು ಕಲ್ಲಿನ ಮೇಲೆ ಕಣ್ಣಿಟ್ಟು ಹತ್ತು ಎಣಿಸಿ, ಆಮೇಲೆ ಹೊರಡಿ. ಕನ್ನಡಕ ಹಾಕುವವರು ತುಂತುರಿನಿಂದ ಮಂಜಾದ ಗಾಜನ್ನು ನಡೆಯುತ್ತಾ ಒರೆಸಬೇಡಿ. ಫೋಟೋ ತೆಗೆಯುವವರು ಕ್ಯಾಮೆರಾದಲ್ಲಿ ಕಣ್ಣಿಟ್ಟು ಹಿಂದೆ ಹಿಂದೆ ಸರಿಯಬೇಡಿ. ಜೊತೆಯವರು ಭುಜ ಹಿಡಿದಿರಲಿ.

ಕಾಲಿನ ವಿಚಾರ ಸ್ವಲ್ಪ ಬಿಡಿಸಿ ಹೇಳಬೇಕು. ಒದ್ದೆ ಕಲ್ಲು ಜಾರುತ್ತದೆ ಎಂಬುದು ಮಗುವಿಗೂ ಗೊತ್ತು. ಆದರೆ ಬರೀ ನೀರಿನಿಂದ ಒದ್ದೆಯಾದ ಒರಟು ಬಂಡೆಯ ಮೇಲೆ ಒಳ್ಳೆಯ ರಬ್ಬರ್ ಅಟ್ಟೆ ಸಾಕಷ್ಟು ಹಿಡಿಯುತ್ತದೆ. ಜಾರಿಸುವುದು ಲೋಳೆ. ತುಂತುರು ಸದಾ ಬೀಳುವ ಕಡೆ ಪಾಚಿ, ಡಯಾಟಮ್‌ಗಳೆಂಬ ಸೂಕ್ಷ್ಮ ಜೀವಿಗಳು, ಬ್ಯಾಕ್ಟೀರಿಯಾ ಎಲ್ಲ ಸೇರಿ ತೆಳುವಾದ ಲೋಳೆಯ ಪದರ ಕಟ್ಟುತ್ತವೆ. ಅದು ಬಂಡೆಯ ಒರಟುತನವನ್ನು ಮುಚ್ಚಿಬಿಡುತ್ತದೆ. ಎಷ್ಟೋ ಸಲ ಹಸಿರೂ ಕಾಣುವುದಿಲ್ಲ, ಬರೀ ಕಪ್ಪಗೆ ಹೊಳೆಯುತ್ತದೆ. ಆದ್ದರಿಂದ ಹಸಿರು ಕಂಡರೆ ಎಚ್ಚರ, ಕಪ್ಪಗೆ ಹೊಳೆಯುವುದು ಕಂಡರೆ ಇನ್ನೂ ಎಚ್ಚರ. ಮಾರ್ಗದರ್ಶಿ ಮುಂದೆ ಹೋಗಿ ಪೂರ್ತಿ ತೂಕ ಹಾಕದೆ ಕಾಲು ಒತ್ತಿ ನೋಡಬೇಕು. ಹಿಂದಿನವರು ಅವರು ಇಟ್ಟ ಕಡೆಯೇ ಕಾಲಿಡಬೇಕು. ಕಡಿದಾದ ಕಡೆ ಕೂತು ಜರುಗಿ ಇಳಿಯುವುದರಲ್ಲಿ ಯಾವ ಅವಮಾನವೂ ಇಲ್ಲ.

ಈಗ ಎಲ್ಲಕ್ಕಿಂತ ಕೆಟ್ಟ ಜಾಗಕ್ಕೆ ಬರುತ್ತೇನೆ. ಅದು ಜಲಪಾತದ ನೆತ್ತಿ. ಕೆಳಗಿನಿಂದ ನೋಡಿದರೆ ಭಯ ಹುಟ್ಟಿಸುವ ನೀರು ಮೇಲಿನಿಂದ ಸೌಮ್ಯವಾಗಿ ಕಾಣುತ್ತದೆ. ಅಗಲವಾದ ಹಾಸುಬಂಡೆ, ಅದರ ಮೇಲೆ ಕಣಕಾಲು ಮುಳುಗದಷ್ಟು ತಿಳಿನೀರು. ಕಾಲು ತೊಳೆಯೋಣ ಅನ್ನಿಸುತ್ತದೆ. ಆ ಬಂಡೆಯನ್ನು ಸಾವಿರಾರು ವರ್ಷಗಳಿಂದ ಮರಳು ಹೊತ್ತ ನೀರು ಉಜ್ಜಿ ನುಣುಪು ಮಾಡಿದೆ. ಅಂಚಿಗೆ ಬಂದಂತೆ ನೀರಿನ ವೇಗ ಹೆಚ್ಚುತ್ತದೆ. ಹರಿವ ನೀರಿನ ಒತ್ತುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ: ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. ರಭಸದ ಪ್ರವಾಹದಲ್ಲಿ 15 ಸೆಂಟಿಮೀಟರ್ ಆಳದ ನೀರು ದೊಡ್ಡವರನ್ನೂ ಬೀಳಿಸಬಲ್ಲದು ಎಂದು ಅಮೆರಿಕದ ಹವಾಮಾನ ಸೇವೆ ಜನರಿಗೆ ಎಚ್ಚರಿಕೆ ಕೊಡುತ್ತದೆ. ಕ್ಯಾಲಿಫೋರ್ನಿಯಾದ ಯೊಸೆಮಿಟಿಯಲ್ಲಿ 97 ಮೀಟರ್ ಎತ್ತರದ ವರ್ನಲ್ ಜಲಪಾತವಿದೆ. ನೆತ್ತಿಯಲ್ಲಿ ಕಂಬಿ ಹಾಕಿದ್ದಾರೆ, ಎಚ್ಚರಿಕೆಯ ಫಲಕಗಳಿವೆ. 2011ರ ಜುಲೈಯಲ್ಲಿ ಒಂದು ಗುಂಪಿನ ಮೂವರು ಕಂಬಿ ದಾಟಿ ನೀರಿಗಿಳಿದು, ಎಲ್ಲರ ಕಣ್ಣೆದುರೇ ಕೊಚ್ಚಿಹೋದರು. ಗುಂಪಿನಲ್ಲಿ ಬಂದವರು ಅವರು. ಜೊತೆಗೆ ಜನರಿದ್ದ ಮಾತ್ರಕ್ಕೆ ರಕ್ಷಣೆ ಸಿಗುವುದಿಲ್ಲ ಎಂದು ಆ ಸುದ್ದಿ ಓದಿದಾಗ ನನಗೆ ತಡೆಯಲಾಗದ ಸಂಕಟದೊಂದಿಗೆ ಅನ್ನಿಸಿತ್ತು. ನನ್ನ ತಂಡದಲ್ಲಿ ನೆತ್ತಿಯ ನೀರಿಗೆ ಯಾರೂ ಕಾಲಿಡುವುದಿಲ್ಲ. ಇದರ ಬಗ್ಗೆ ಚರ್ಚೆಗೆ ಜಾಗವಿಲ್ಲ, ಹೊರಡುವ ಹಿಂದಿನ ದಿನವೇ ಹೇಳಿರುತ್ತೇನೆ. ಒಪ್ಪದವರು ಬರುವುದು ಬೇಡ.

ಬುಡದ ಮಡುವಿನ ಅಪಾಯ ಬೇರೆ ತರದ್ದು. ಬೀಳುವ ನೀರಿನ ಕೆಳಗಿನ ಬಿಳಿ ನೊರೆಯಲ್ಲಿ ಗಾಳಿ ತುಂಬಿರುತ್ತದೆ. ಗಾಳಿ ಬೆರೆತ ನೀರು ಮೈಯನ್ನು ಎತ್ತಿ ಹಿಡಿಯುವುದಿಲ್ಲ. ಈಜು ಬಲ್ಲವರೂ ಅದರಲ್ಲಿ ತಳಕ್ಕಿಳಿಯುತ್ತಾರೆ, ಕೈ ಬೀಸಿದರೂ ಹಿಡಿತ ಸಿಗುವುದಿಲ್ಲ. ಜೊತೆಗೆ, ಧುಮುಕಿದ ನೀರು ತಳ ಮುಟ್ಟಿ ಮೇಲೆದ್ದು ಮತ್ತೆ ಬೀಳುವ ಧಾರೆಯ ಕಡೆಗೇ ತಿರುಗುವ ಸುಳಿ ಇರುತ್ತದೆ. ಸಿಕ್ಕಿದ್ದನ್ನು ಅದು ಹಿಂದಕ್ಕೆಳೆದು ಮತ್ತೆ ಮತ್ತೆ ಧಾರೆಯಡಿಗೆ ಒಯ್ಯುತ್ತದೆ. ನೀರು ತೀರಾ ತಣ್ಣಗಿದ್ದರೆ ಇನ್ನೊಂದು ಕಾಟ. ಚಳಿಗೆ ಸಿಕ್ಕ ದೇಹ ತಾನಾಗಿಯೇ ದೊಡ್ಡ ಉಸಿರೆಳೆಯುತ್ತದೆ, ಆ ಕ್ಷಣ ತಲೆ ನೀರಿನೊಳಗಿದ್ದರೆ ನೀರು ಶ್ವಾಸಕೋಶಕ್ಕೆ ಹೋಗುತ್ತದೆ.

ಧಾರೆಯ ಕೆಳಗೆ ತಲೆಯೊಡ್ಡಿ ನಿಲ್ಲುವ ಆಸೆಯ ಬಗ್ಗೆಯೂ ಹೇಳಬೇಕು. ನೀರಿನ ಜೊತೆ ಕಲ್ಲೂ ಬರುತ್ತದೆ, ಕೊಂಬೆಯೂ ಬರುತ್ತದೆ. 20 ಮೀಟರ್ ಮೇಲಿನಿಂದ ಬಿದ್ದ ಕಲ್ಲು ಕೆಳಗೆ ಮುಟ್ಟುವಾಗ ಅದರ ವೇಗ ಗಂಟೆಗೆ ಸುಮಾರು 70 ಕಿಲೋಮೀಟರ್. 20 ಮೀಟರ್ ಎಂದರೆ ಜಲಪಾತಗಳ ಲೆಕ್ಕದಲ್ಲಿ ಚಿಕ್ಕದೇ.

ಅಲ್ಲಿ ಕಲ್ಲು ಬೀಳುವುದು ಆಕಸ್ಮಿಕವೆಂದು ಎಣಿಸಬೇಡಿ. ಎಷ್ಟೋ ಜಲಪಾತಗಳು ಹುಟ್ಟಿ ಬೆಳೆಯುವ ಕ್ರಮವೇ ಅದು. ಮೇಲೆ ಗಟ್ಟಿ ಶಿಲೆಯ ಚಪ್ಪಡಿ, ಕೆಳಗೆ ಮೆದು ಶಿಲೆ. ತುಂತುರು ಮತ್ತು ಸುಳಿ ಕೆಳಗಿನ ಮೆದುವಾದದ್ದನ್ನು ಕೊರೆಯುತ್ತವೆ, ಮೇಲಿನ ಚಪ್ಪಡಿ ಆಧಾರವಿಲ್ಲದೆ ಚಾಚಿಕೊಳ್ಳುತ್ತದೆ, ಒಂದು ದಿನ ಮುರಿದು ಬೀಳುತ್ತದೆ. ಜಲಪಾತ ಒಂದು ಹೆಜ್ಜೆ ಹಿಂದಕ್ಕೆ ಸರಿಯುತ್ತದೆ. ನಯಾಗರದಲ್ಲಿ ಮೇಲೆ ಡೋಲೊಮೈಟ್, ಕೆಳಗೆ ಶೇಲ್. ಸುಮಾರು 12,000 ವರ್ಷಗಳಲ್ಲಿ ಅದು ಸುಮಾರು 11 ಕಿಲೋಮೀಟರ್ ಹಿಂದೆ ಸರಿದಿದೆ, ಕೆಳಗಿನ ಕಮರಿಯೆಲ್ಲ ಅದರ ಹೆಜ್ಜೆ ಗುರುತು. 1954ರಲ್ಲಿ ಅಲ್ಲಿ ಜನ ನಿಂತು ನೋಡುತ್ತಿದ್ದ ಪ್ರಾಸ್ಪೆಕ್ಟ್ ಪಾಯಿಂಟಿನ ಒಂದು ಭಾಗವೇ ಕುಸಿದು ಹೋಯಿತು. ಬಿದ್ದ ಬಂಡೆಗಳ ರಾಶಿಯನ್ನು ಏನು ಮಾಡಬೇಕೆಂದು ಪರೀಕ್ಷಿಸಲು 1969ರಲ್ಲಿ ನಯಾಗರದ ಒಂದು ಭಾಗವಾದ ಅಮೆರಿಕನ್ ಜಲಪಾತದ ನೀರನ್ನು ತಿಂಗಳುಗಟ್ಟಲೆ ತಡೆದು, ಒಣಗಿದ ಬಂಡೆಯನ್ನು ಅಧ್ಯಯನ ಮಾಡಿದರು. ಕೊನೆಗೆ ಆ ರಾಶಿಯನ್ನು ಹಾಗೇ ಬಿಟ್ಟರು.

ಇದೇ ಕೊರೆತದಿಂದ ನಮಗೊಂದು ಭಾಗ್ಯವೂ ಒದಗಿದೆ: ನೀರಿನ ಪರದೆಯ ಹಿಂದೆ ನಡೆಯುವುದು. ಅಮೆರಿಕದ ಒರೆಗಾನ್ ರಾಜ್ಯದ ಸಿಲ್ವರ್ ಫಾಲ್ಸ್ ಉದ್ಯಾನದಲ್ಲಿ ಸುಮಾರು 11.6 ಕಿಲೋಮೀಟರ್ ಉದ್ದದ ಒಂದು ಸುತ್ತು ದಾರಿ ಇದೆ. ಹತ್ತು ಜಲಪಾತಗಳನ್ನು ಅದು ಮುಟ್ಟಿಸುತ್ತದೆ, ನಾಲ್ಕರ ಹಿಂದೆ ಹಾದುಹೋಗುತ್ತದೆ. ಗಟ್ಟಿ ಬಸಾಲ್ಟಿನ ಕೆಳಗಿನ ಮೆದು ಪದರ ಸವೆದು ಗವಿಯಂತಾದ ಜಾಗದಲ್ಲಿ ಕಾಲುದಾರಿ ಇದೆ. ಅಂಥಲ್ಲಿ ಗುಂಪನ್ನು ಕರೆದೊಯ್ಯುವಾಗ ನಾನು ಪಾಲಿಸುವುದು ಒಂದೇ, ಚಾವಣಿಯ ಕೆಳಗೆ ಗುಂಪುಗೂಡಿ ನಿಲ್ಲುವುದಿಲ್ಲ. ಅಂತರ ಬಿಟ್ಟು ನಡೆಯುತ್ತಾ ದಾಟುತ್ತೇವೆ. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿ ಕರಗುವ ಸೀಮೆಗಳಲ್ಲಿ ಬಂಡೆಯ ಬಿರುಕು ಹಿಗ್ಗಿರುತ್ತದೆ. ಹಿಮ ಕರಗುವ ಕಾಲಕ್ಕೆ ಆ ದಾರಿಗಳನ್ನು ಬಿಟ್ಟುಬಿಡುವುದೇ ಲೇಸು.

ಎಲ್ಲ ಜಲಪಾತಗಳೂ ಹಿಂದೆ ಸರಿಯುವುದಿಲ್ಲ ಎಂಬುದನ್ನು ಇಲ್ಲಿ ಹೇಳದಿರಲು ಮನಸ್ಸಾಗದು. ಕ್ರೊಯೇಷಿಯಾದ ಪ್ಲಿಟ್ವಿಟ್ಸೆ ಸರೋವರಗಳಲ್ಲಿ ಜಲಪಾತಗಳು ಬೆಳೆಯುತ್ತವೆ. ಸುಣ್ಣದಂಶ ಕರಗಿದ ನೀರು ಪಾಚಿ, ಹಾವಸೆಗಳ ಮೇಲೆ ಹರಿಯುವಾಗ ಸುಣ್ಣ ಅಲ್ಲೇ ಕಟ್ಟಿಕೊಂಡು ಟ್ಯೂಫಾ ಎಂಬ ಕಲ್ಲಾಗುತ್ತದೆ, ಅಣೆಕಟ್ಟು ತಾನಾಗಿಯೇ ಏಳುತ್ತದೆ. ಹಾವಸೆ ತುಳಿದರೆ ಜಲಪಾತ ಕಟ್ಟುವವರನ್ನೇ ತುಳಿದಂತೆ. ಅಲ್ಲಿ ಜನರು ಮರದ ಹಲಗೆಯ ಸೇತುವೆಗಳ ಮೇಲೆ ಮಾತ್ರ ನಡೆಯಬೇಕೆಂಬ ನಿಯಮಕ್ಕೆ ಇಂಥ ಗಟ್ಟಿ ಕಾರಣವಿದೆ.

ಇಷ್ಟು ಹೊತ್ತು ಜಲಪಾತವನ್ನೇ ನೋಡಿದೆವು. ಮಾರ್ಗದರ್ಶಿ ಮಾತ್ರ ನೋಡುತ್ತಿರಬೇಕಾದದ್ದು ಅದರ ಮೇಲ್ಭಾಗದ ಆಕಾಶವನ್ನು. ನಾವು ನಿಂತ ಜಾಗದಲ್ಲಿ ಬಿಸಿಲು ಇರಬಹುದು, ಹೊಳೆ ಹುಟ್ಟುವ ಬೆಟ್ಟದಲ್ಲಿ ಮಳೆ ಸುರಿಯುತ್ತಿರಬಹುದು. ತಿಳಿನೀರು ಕಲಕಿ ಮಣ್ಣಿನ ಬಣ್ಣಕ್ಕೆ ತಿರುಗುವುದು, ಎಲೆ ಕಡ್ಡಿ ತೇಲಿ ಬರುವುದು, ಮೊರೆತದ ದನಿ ಬದಲಾಗುವುದು, ಒಣಗಿದ್ದ ಕಲ್ಲಿನ ಮೇಲೆ ನೀರು ಬರುವುದು. ಇವುಗಳಲ್ಲಿ ಒಂದು ಕಂಡರೂ ಎತ್ತರಕ್ಕೆ ಹೊರಡಬೇಕು. ಎರಡನೆಯದಕ್ಕೆ ಕಾಯಬಾರದು, ಬ್ಯಾಗು ಎತ್ತಿಕೊಳ್ಳಲೂ ನಿಲ್ಲಬಾರದು. ತಲುಪಿದ ಕೂಡಲೇ ನೀರಿನಂಚಿನ ಒಂದು ಕಲ್ಲನ್ನು ಗುರುತು ಮಾಡಿ, ಅದನ್ನು ಗಮನಿಸುತ್ತಿರಲು ಒಬ್ಬರನ್ನು ನೇಮಿಸಿ. ಸರದಿಯ ಮೇಲೆ ಬದಲಾಯಿಸಿ. ಮೇಲೆ ಅಣೆಕಟ್ಟು ಇದ್ದರೆ ಮಳೆಯೇ ಇಲ್ಲದೆ ನೀರು ಏರಬಹುದು, ಹಾಗಾಗಿ ನೀರು ಬಿಡುವ ಹೊತ್ತನ್ನು ವಿಚಾರಿಸದೆ ಹೊರಡಲೇಬೇಡಿ. ನಾವು ದಾಟಿ ಬಂದ ಚಿಕ್ಕ ತೊರೆ ವಾಪಸು ಹೋಗುವಾಗ ಚಿಕ್ಕದಾಗಿಯೇ ಇರುತ್ತದೆ ಎಂಬ ಖಾತ್ರಿಯಿಲ್ಲ ಎಂಬುದೂ ಲೆಕ್ಕದಲ್ಲಿರಲಿ. ತೊರೆ ದಾಟುವಾಗ ಬ್ಯಾಗಿನ ಸೊಂಟದ ಪಟ್ಟಿ ಬಿಚ್ಚಿಕೊಳ್ಳಿ. ಬಿದ್ದರೆ ಬ್ಯಾಗು ಬಿಟ್ಟು ಏಳಬಹುದು.

ನಡಿಗೆಯ ವಿಚಾರವನ್ನು ಬೇಗ ಹೇಳಿ ಮುಗಿಸುತ್ತೇನೆ. 1892ರಲ್ಲಿ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ ಕೊಟ್ಟ ಸೂತ್ರ ಇವತ್ತಿಗೂ ಬಳಕೆಯಲ್ಲಿದೆ: ಐದು ಕಿಲೋಮೀಟರಿಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ. ಇದು ಗಟ್ಟಿಮುಟ್ಟಾದ ಒಬ್ಬರ ಲೆಕ್ಕ, ವಿಶ್ರಾಂತಿ ಸೇರಿಲ್ಲ. ಗುಂಪಿಗೆ ಧಾರಾಳವಾಗಿ ಸೇರಿಸಿಕೊಳ್ಳಿ. ಜಲಪಾತದ ಚಾರಣದಲ್ಲಿ ಬಹಳ ಸಲ ಮೊದಲು ಕಣಿವೆಗೆ ಇಳಿದು ಆಮೇಲೆ ಹತ್ತಬೇಕಾಗುತ್ತದೆ ಎಂಬುದನ್ನು ಮರೆಯುವವರೇ ಹೆಚ್ಚು. ದಣಿದ ಮೇಲೆ ಏರು ಬರುತ್ತದೆ. ಆದ್ದರಿಂದ ಎಷ್ಟು ಹೊತ್ತಿಗೆ ತಲುಪುತ್ತೇವೆ ಎಂಬುದಕ್ಕಿಂತ ಎಷ್ಟು ಹೊತ್ತಿಗೆ ತಿರುಗುತ್ತೇವೆ ಎಂಬುದನ್ನು ಮೊದಲು ನಿಗದಿ ಮಾಡಿ. ತಲುಪದಿದ್ದರೂ ಆ ಹೊತ್ತಿಗೆ ತಿರುಗಬೇಕು.

ಸಾಲಿನ ಕೊನೆಯಲ್ಲಿ ಬರುವವರನ್ನು ನಾವು ಸ್ವೀಪ್ ಎನ್ನುತ್ತೇವೆ. ತಂಡದ ಅತಿ ಅನುಭವಿಗಳಲ್ಲಿ ಒಬ್ಬರು ಅಲ್ಲಿರಬೇಕು. ಅವರ ಹಿಂದೆ ಯಾರೂ ಇರಬಾರದು, ಯಾವ ಕಾರಣಕ್ಕೂ. ನಿಧಾನ ನಡೆಯುವವರನ್ನು ಮುಂದಿನ ಸಾಲಿಗೆ ತನ್ನಿ. ಹಿಂದಿದ್ದರೆ ಆಗುವುದೇನು? ಮುಂದಿನವರು ಕೂತು ದಣಿವಾರಿಸಿಕೊಂಡು, ಕೊನೆಯವರು ಬಂದ ಕೂಡಲೇ ಎದ್ದು ಹೊರಡುತ್ತಾರೆ. ಹೆಚ್ಚು ದಣಿದವರಿಗೇ ವಿಶ್ರಾಂತಿ ಸಿಗುವುದಿಲ್ಲ. ಈ ಅನ್ಯಾಯ ನೋಡುವಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ. ಜಲಪಾತಕ್ಕೆ ಅವರು ಬಂದು ಮುಟ್ಟುವಾಗ ಕಾಲು ನಡುಗುತ್ತಿರುತ್ತದೆ, ಲೋಳೆಯ ಬಂಡೆ ಅವರಿಗಾಗಿಯೇ ಕಾದಿರುತ್ತದೆ. ಆದ್ದರಿಂದ ಕೊನೆಯ ನೂರು ಮೀಟರಿಗೆ ಮುನ್ನ ಎಲ್ಲರನ್ನೂ ಕೂರಿಸಿ, ಕೊನೆಯವರು ಬಂದ ಮೇಲೆ ಪೂರ್ತಿ ಹತ್ತು ನಿಮಿಷ ಕಳೆಯಲಿ. ತಲೆ ಎಣಿಸಿ. ನೀರಿನ ಬಳಿಯಿಂದ ಹೊರಡುವಾಗ ಮತ್ತೆ ಎಣಿಸಿ.

ಗುಂಪಿನ ಗಾತ್ರದ ಬಗ್ಗೆ ಕೇಳುವವರಿಗೆ ನಾನು ನ್ಯೂಜಿಲೆಂಡಿನ ಮಿಲ್ಫರ್ಡ್ ಟ್ರ್ಯಾಕನ್ನು ತೋರಿಸುತ್ತೇನೆ. ಸುಮಾರು 53 ಕಿಲೋಮೀಟರ್, ನಾಲ್ಕು ದಿನದ ನಡಿಗೆ. ಅದರ ಕವಲುದಾರಿಯಲ್ಲಿ ಮೂರು ಜಿಗಿತಗಳಲ್ಲಿ 580 ಮೀಟರ್ ಬೀಳುವ ಸದರ್ಲೆಂಡ್ ಜಲಪಾತವಿದೆ. ನಡಿಗೆಯ ಋತುವಿನಲ್ಲಿ ದಿನಕ್ಕೆ ಇಷ್ಟೇ ಜನ ಎಂದು ಮಿತಿ ಹಾಕಿದ್ದಾರೆ, ಎಲ್ಲರೂ ಒಂದೇ ದಿಕ್ಕಿನಲ್ಲಿ ನಡೆಯಬೇಕು. ಮಾರ್ಗದರ್ಶಿಯ ಜೊತೆ ಹೋಗುವವರಿಗೆ ಬೇರೆ ತಂಗುಮನೆಗಳು, ತಾವಾಗಿ ಹೋಗುವವರಿಗೆ ಬೇರೆ. ಎದುರಿನಿಂದ ಜನ ಬರುವುದಿಲ್ಲವಾದ್ದರಿಂದ ಇಕ್ಕಟ್ಟಾದ ಕಡೆ ನೂಕಾಟವಿಲ್ಲ. ಚಿಕ್ಕ ಚಾರಣಕ್ಕೂ ಇದೇ ಬುದ್ಧಿ ಹೊಂದುತ್ತದೆ: ಮಡುವಿನ ಬಳಿ ಸುರಕ್ಷಿತವಾಗಿ ನಿಲ್ಲಲು ಎಷ್ಟು ಜನಕ್ಕೆ ಜಾಗವಿದೆ ಎಂಬುದೇ ಗುಂಪಿನ ಗಾತ್ರ.

ಜಾಗದ ಮಾತು ಬಂದಾಗ ಟಾಂಜಾನಿಯಾದ ಒಂದು ಪುಟ್ಟ ಜೀವಿಯನ್ನು ನೆನೆಯದೆ ಮುಂದೆ ಹೋಗಲಾರೆ. ಕಿಹಾನ್ಸಿ ಕಮರಿಯ ಜಲಪಾತದ ಬುಡದಲ್ಲಿ, ತುಂತುರಿನಿಂದ ಸದಾ ನೆನೆದಿರುವ ಹುಲ್ಲು ಹಾವಸೆಯ ಸುಮಾರು ಎರಡು ಹೆಕ್ಟೇರ್ ಜಾಗದಲ್ಲಿ ಒಂದು ಕಪ್ಪೆ ಬದುಕಿತ್ತು. ಹಳದಿ ಬಣ್ಣ, ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡದು, ಮೊಟ್ಟೆಯ ಬದಲು ಮರಿಯನ್ನೇ ಹಾಕುತ್ತದೆ. ಜಗತ್ತಿನಲ್ಲಿ ಬೇರೆಲ್ಲೂ ಇರಲಿಲ್ಲ. ವಿಜ್ಞಾನಕ್ಕೆ ಅದು ಗೊತ್ತಾದದ್ದು 1996ರಲ್ಲಿ. ಕೆಲವೇ ವರ್ಷಗಳಲ್ಲಿ ವಿದ್ಯುತ್ತಿಗಾಗಿ ಹೊಳೆಯ ನೀರನ್ನು ತಿರುಗಿಸಿದರು, ತುಂತುರು ನಿಂತಿತು, ಹುಲ್ಲು ಒಣಗಿತು. ಕೃತಕ ತುಂತುರಿನ ವ್ಯವಸ್ಥೆ ಮಾಡಿದರೂ, ಕಪ್ಪೆಗಳ ಚರ್ಮಕ್ಕೆ ತಗಲುವ ಕೈಟ್ರಿಡ್ ಶಿಲೀಂಧ್ರದ ರೋಗವೂ ಕಾಣಿಸಿಕೊಂಡಿತು. 2009ರಲ್ಲಿ ಅದು ಕಾಡಿನಿಂದ ಅಳಿದಿದೆ ಎಂದು ಘೋಷಿಸಿದರು. ಅಮೆರಿಕದ ಮೃಗಾಲಯಗಳಲ್ಲಿ ಉಳಿದಿದ್ದವುಗಳ ಸಂತತಿಯನ್ನು 2012ರಿಂದ ಮತ್ತೆ ಆ ಕಮರಿಗೆ ಬಿಡುತ್ತಿದ್ದಾರೆ.

ನಾವು ಫೋಟೋ ಚೆನ್ನಾಗಿ ಬರುತ್ತದೆಂದು ಇಳಿಯುವ ಹಸಿರು ಅಂಚು ಇಂಥ ಜೀವಿಗಳ ಪೂರ್ತಿ ಪ್ರಪಂಚವಾಗಿರಬಹುದು. ದಕ್ಷಿಣ ಅಮೆರಿಕದ ಇಗ್ವಾಸು ಜಲಪಾತದಲ್ಲಿ ಸ್ವಿಫ್ಟ್ ಎಂಬ ಬಾನಾಡಿ ಹಕ್ಕಿಗಳು ನೀರಿನ ಪರದೆಯನ್ನು ಸೀಳಿಕೊಂಡು ಹೋಗಿ ಹಿಂದಿನ ಬಂಡೆಯಲ್ಲಿ ತಂಗುತ್ತವೆ. ಕಪ್ಪೆಗಳಿಗೆ ತಗಲುವ ಆ ಕೈಟ್ರಿಡ್ ಶಿಲೀಂಧ್ರ ಒದ್ದೆ ಬೂಟಿನಲ್ಲಿ ಒಂದು ತೊರೆಯಿಂದ ಇನ್ನೊಂದಕ್ಕೆ ದಾಟಬಲ್ಲದು. ಹಾಗಾಗಿ ಹೊರಡುವ ಮೊದಲು ಬೂಟಿನ ಮಣ್ಣು ಉಜ್ಜಿ ತೊಳೆದು ಪೂರ್ತಿ ಒಣಗಿಸಿ ತನ್ನಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ತೊರೆಯಲ್ಲಿ ಸೋಪು ಬೇಡ. ಶೌಚಕ್ಕೆ ನೀರಿನಿಂದ ಕನಿಷ್ಠ 60 ಮೀಟರ್ ದೂರ ಹೋಗಿ, ಒಂದು ಗೇಣು ಗುಂಡಿ ತೋಡಿ ಮುಚ್ಚಿ. ನಿಲ್ಲುವುದಾದರೆ ಬರಿ ಬಂಡೆಯ ಮೇಲೆ ನಿಲ್ಲಿ. ಒಣ ಬಂಡೆ ಕಾಲಿಗೂ ಒಳ್ಳೆಯದು, ಕಪ್ಪೆಗೂ ಒಳ್ಳೆಯದು.

ಬರೀ ಎಚ್ಚರಿಕೆ ಹೇಳಿದೆನಲ್ಲ, ನೋಡುವ ಸಂತೋಷವನ್ನೂ ಹೇಳುತ್ತೇನೆ, ಅದಕ್ಕಾಗಿಯೇ ಹೋಗುವುದು. ಮಳೆಬಿಲ್ಲು ಕಾಣಬೇಕಾದರೆ ಸೂರ್ಯ ನಿಮ್ಮ ಬೆನ್ನಿಗಿರಬೇಕು, ತುಂತುರು ಎದುರಿಗಿರಬೇಕು. ನಿಮ್ಮ ತಲೆಯ ನೆರಳಿನ ದಿಕ್ಕಿನಿಂದ 42 ಡಿಗ್ರಿ ಆಚೆ ಬಿಲ್ಲು ಮೂಡುತ್ತದೆ. ಬುಡದ ಸಮತಟ್ಟಿನಲ್ಲಿ ನಿಂತವರಿಗೆ ಸೂರ್ಯ 42 ಡಿಗ್ರಿಗಿಂತ ಮೇಲೇರಿದರೆ ಬಿಲ್ಲು ನೆಲದಡಿಗೆ ಹೋಗುತ್ತದೆ. ಎತ್ತರದ ವೀಕ್ಷಣಾ ಕಟ್ಟೆಯಿಂದ ಕಮರಿಯ ತುಂತುರನ್ನು ಕೆಳಗೆ ನೋಡುವವರಿಗೆ ನಡುಹಗಲಲ್ಲೂ ಕಾಣಬಹುದು, ಕೆಲವೊಮ್ಮೆ ಅರ್ಧಕ್ಕಿಂತ ದೊಡ್ಡ ವೃತ್ತವಾಗಿ. ಪೂರ್ವಕ್ಕೆ ಮುಖ ಮಾಡಿದ ಜಲಪಾತಕ್ಕೆ ಬೆಳಗ್ಗೆ, ಪಶ್ಚಿಮಕ್ಕೆ ಮುಖ ಮಾಡಿದ್ದಕ್ಕೆ ಸಂಜೆಯ ಮೊದಲು ತಲುಪುವಂತೆ ಹೊರಡಿ. ಆಫ್ರಿಕಾದ ವಿಕ್ಟೋರಿಯಾ ಜಲಪಾತದಲ್ಲಿ, 1,700 ಮೀಟರ್ ಅಗಲದ ಆ ನೀರಿನ ಗೋಡೆಯ ಮುಂದೆ, ಹುಣ್ಣಿಮೆಯ ಆಸುಪಾಸಿನ ರಾತ್ರಿಗಳಲ್ಲಿ ಚಂದ್ರನ ಬೆಳಕಿಗೇ ಬಿಲ್ಲು ಮೂಡುತ್ತದೆ. ಇಷ್ಟನ್ನು ನಕ್ಷೆಯಲ್ಲಿ ದಿಕ್ಕು ನೋಡಿ ಮೊದಲೇ ಯೋಚಿಸಿಟ್ಟ ಮಾರ್ಗದರ್ಶಿ ತಂಡಕ್ಕೆ ಕೊಡುವ ಉಡುಗೊರೆ ದೊಡ್ಡದು. ಆ ಹೊತ್ತಿನಲ್ಲಿ ಎಲ್ಲರನ್ನೂ ಒಣ ಬಂಡೆಯ ಮೇಲೆ ಕೂರಿಸಿ, ಕಾಲು ಗಂಟೆ ಸುಮ್ಮನೆ ನೋಡಲು ಬಿಡಿ.

ಮಾತು ಮುಗಿದ ಮೇಲೆ ಕೆಲವು ಪ್ರಶ್ನೆಗಳು ಬಂದವು. ಎರಡನ್ನು ಇಲ್ಲಿ ಕೊಡುತ್ತೇನೆ.

ಒಬ್ಬ ತಾಯಿ ಕೇಳಿದರು: “ಮಕ್ಕಳನ್ನು ಕರೆದುಕೊಂಡು ಬರಬಹುದಾ ಸರ್?”

ಖಂಡಿತ ಬನ್ನಿ. ಒಂದು ಮಗುವಿಗೆ ಒಬ್ಬ ದೊಡ್ಡವರು, ಬೇರೆ ಯಾವ ಜವಾಬ್ದಾರಿಯೂ ಅವರಿಗಿರಬಾರದು, ಫೋಟೋ ತೆಗೆಯುವುದು ಕೂಡ. ಕಂಬಿ ಇರುವ ವೀಕ್ಷಣಾ ಕಟ್ಟೆಯ ಜಲಪಾತವನ್ನೇ ಆರಿಸಿಕೊಳ್ಳಿ, ಮಗುವಿನ ನಡಿಗೆಗೆ ತಕ್ಕಂತೆ ತಿರುಗುವ ಹೊತ್ತು ನಿಗದಿ ಮಾಡಿ.

ತಂಡ ನಡೆಸುವ ಒಬ್ಬ ಯುವಕರ ಪ್ರಶ್ನೆ: “ಇಷ್ಟೆಲ್ಲ ಹೇಳಿದ ಮೇಲೂ ಯಾರಾದರೂ ನೀರಿಗೆ ಬಿದ್ದರೆ ಮೊದಲು ಏನು ಮಾಡಬೇಕು?”

ಮೊದಲು, ನೀವು ನೀರಿಗೆ ಹಾರಬಾರದು. ಕಾಪಾಡಲು ಹಾರಿದವರು ಮುಳುಗಿದ ಘಟನೆಗಳು ಎಲ್ಲ ದೇಶಗಳಲ್ಲೂ ಇವೆ. ಸೀಟಿ ಊದಿ, ಉಳಿದವರನ್ನು ನೀರಿನಿಂದ ಹಿಂದಕ್ಕೆ ಸರಿಸಿ. ಕೈಗೆಟುಕುವಷ್ಟು ಹತ್ತಿರವಿದ್ದರೆ ಮಲಗಿಕೊಂಡು ಕೋಲು ಚಾಚಿ. ದೂರವಿದ್ದರೆ ತೇಲುವ ಹಗ್ಗ ಎಸೆಯಿರಿ. ಹಗ್ಗವನ್ನು ನಿಮ್ಮ ಮೈಗೆ ಕಟ್ಟಿಕೊಳ್ಳಬೇಡಿ, ಮಣಿಕಟ್ಟಿಗೂ ಸುತ್ತಿಕೊಳ್ಳಬೇಡಿ. ಬಿದ್ದವರು ಹರಿವಿನಲ್ಲಿ ಎದ್ದು ನಿಲ್ಲಲು ಹೋಗಬಾರದು, ಕಲ್ಲಿನ ಸಂದಿನಲ್ಲಿ ಪಾದ ಸಿಕ್ಕಿದರೆ ನೀರು ತಲೆಯನ್ನು ಅದುಮುತ್ತದೆ. ಬೆನ್ನ ಮೇಲೆ ತೇಲುತ್ತಾ, ಪಾದಗಳನ್ನು ಮುಂದಕ್ಕೆ ಹರಿವಿನ ದಿಕ್ಕಿಗೆ ಎತ್ತಿ ಹಿಡಿದು, ಓರೆಯಾಗಿ ದಡದ ಕಡೆ ಕೈ ಬೀಸಬೇಕು. ಇದನ್ನು ಹೊರಡುವ ಮುಂಚೆ ಎಲ್ಲರಿಗೂ ಹೇಳಿರಬೇಕು, ಯಾಕೆಂದರೆ ಬಿದ್ದ ಮೇಲೆ ನಿಮ್ಮ ಕೂಗು ಅವರಿಗೆ ಕೇಳುವುದಿಲ್ಲ. ಹಗ್ಗ ಎಸೆಯುವುದು ಓದಿ ಬರುವ ವಿದ್ಯೆಯಲ್ಲ, ಕೈಗೆ ರೂಢಿಯಾಗಬೇಕು. ಹಗ್ಗದ ಚೀಲಗಳನ್ನು ತಂದಿದ್ದೇನೆ. ಬನ್ನಿ, ಹೊರಗೆ ಮೈದಾನದಲ್ಲಿ ಇಬ್ಬಿಬ್ಬರಾಗಿ ನಿಂತು ಎಸೆದು ನೋಡೋಣ.